ಸುಮಾ ಕಳಿಸಿದ ರೆಕ್ಕೆ ಫೋಟೊ: ನಮ್ಮ ಬಳ್ಳಾರಿ ಮನಿಮಂದಿ ಗುಂಪಿನ ಜಗಳ

ಸುಮಾ: (ಫೋಟೊ) ಲಾಸ್ ಏಂಜಲೀಸ್ ಮುಟ್ಟಿದೆ. ಬೋಯಿಂಗ್ 757. ಕಿಟಕಿ ಸೀಟು ಸಿಕ್ಕಿತ್ತು. ಶುಕ್ರವಾರ ನ್ಯೂಯಾರ್ಕ್‌ಗೆ ವಾಪಸ್ ಹೋಗೋದೂ 757ರಾಗೇ.

ಸಿರುಗುಪ್ಪ ದೊಡ್ಡಪ್ಪ: (ಫಾರ್ವರ್ಡ್) ರೆಕ್ಕೆಯ ತುದಿ ಮೇಲಕ್ಕೆ ಬಾಗಿದ ಹಳೆಯ ವಿಮಾನ ಹತ್ತಬೇಡಿ! ಆಯುಷ್ಯ ಮುಗಿದ ವಿಮಾನಗಳಿಗೆ ತುದಿ ಅಂಟಿಸಿ ಹೊಸದರಂತೆ ತೋರಿಸುತ್ತಿದ್ದಾರೆ. ಶೇ. 20 ಇಂಧನ ಉಳಿಸಲು ನಿಮ್ಮ ಜೀವ ಪಣಕ್ಕೆ. ಎಲ್ಲರಿಗೂ ಕಳಿಸಿ.

ಸಿರುಗುಪ್ಪ ದೊಡ್ಡಪ್ಪ: ಸುಮಾ, ನಿನ್ನ ಫೋಟೊದಾಗೂ ಹಂಗೇ ಬಾಗೈತಿ ನೋಡವ್ವ. ಟಿಕೆಟ್ ಬದಲು ಮಾಡ್ಸು.

ಕೌಲ್ ಬಜಾರ್ ಅತ್ತಿ: ಅಣ್ಣ, ಇದೇನಿದು? ನನಗ ಕೈಕಾಲೇ ಆಡವಲ್ವು.

ಮಂಜುನಾಥ: ಅತ್ತಿ, ಗಾಬರಿ ಆಗಬ್ಯಾಡ್ರಿ. ಅದು ಬಾಗಿದ್ದಲ್ಲ, ವಿಂಗ್ಲೆಟ್ ಅಂತ ಬೇಕಂತಲೇ ಕೂಡಿಸಿದ್ದು. ಹಾರುವಾಗ ರೆಕ್ಕೆ ಕೆಳಗ ಗಾಳಿ ಒತ್ತಡ ಜಾಸ್ತಿ, ಮ್ಯಾಲೆ ಕಮ್ಮಿ. ಕೆಳಗಿನ ಗಾಳಿ ತುದಿ ಸುತ್ತಿ ಮ್ಯಾಲಕ್ಕ ನುಗ್ಗಿ ಸುಳಿ ಆಗ್ತದ. ಆ ಸುಳಿಗೆ ಹೋಗೋ ಶಕ್ತಿ ದಂಡ. ವಿಂಗ್ಲೆಟ್ ಆ ಸುಳಿ ತಗ್ಗಸ್ತದ. ನಾಸಾದ ರಿಚರ್ಡ್ ವಿಟ್‌ಕಂಬ್ 1970ರ ದಶಕದಾಗೇ ಇದರ ಕೆಲಸ ಮಾಡ್ಯಾರ. 757ಕ್ಕ ಉಳಿಯೋದು ಹೆಚ್ಚಂದ್ರ ಶೇ. 5, ಫಾರ್ವರ್ಡಿನಾಗಿರೋ 20 ಶುದ್ಧ ಸುಳ್ಳು.

ಪ್ರಭು: ಮತ್ತ ನಮ್ಮ ತೋರಣಗಲ್ಲಿಗೆ ಬರ್ತಿದ್ದ ಸಣ್ಣ ಫ್ಯಾನಿನ ವಿಮಾನ ಎಟಿಆರ್‌ಗೆ ವಿಂಗ್ಲೆಟ್ ಯಾಕಿರಲಿಲ್ಲೋ ಮಂಜಣ್ಣ?

ಮಂಜುನಾಥ: ಸಣ್ಣ ದೂರ, ಕಮ್ಮಿ ವೇಗ. ವಿಂಗ್ಲೆಟ್ಟಿಗೂ ತೂಕ ಇರ್ತದಲ್ಲ. ತಾಸುಗಟ್ಟಲೆ ಹಾರೋ ಜೆಟ್ಟಿಗೆ ಅದರ ಲಾಭ ಹೆಚ್ಚು.

ಸಿರುಗುಪ್ಪ ದೊಡ್ಡಪ್ಪ: ನಾನೂ ಮೂವತ್ತು ವರ್ಷ ಪಿಯುಸಿಗೆ ಫಿಸಿಕ್ಸ್ ಹೇಳೀನಪ್ಪ. ತುದಿಯಾಗ ಬಲ ಜಾಸ್ತಿ ಬಿದ್ರ ಬುಡದಾಗ ಬಾಗಿಸೋ ಭಾರ ಹೆಚ್ಚಾಗ್ತದ. ಮೊದಲ ಲೆಕ್ಕದಾಗ ಇಲ್ಲದ್ದನ್ನ ಹಳೇ ರೆಕ್ಕಿಗೆ ಹಚ್ಚಿದ್ರ ಆ ರೆಕ್ಕಿ ತಡೀತದೇನು?

ಮಂಜುನಾಥ: ಸರಿಯಾದ ಪ್ರಶ್ನೆ ದೊಡ್ಡಪ್ಪ. ಅದಕ್ಕ ಬರೇ ತುದಿ ಅಂಟಿಸಿ ಬಿಡಂಗಿಲ್ಲ, ರೆಕ್ಕೆ ಒಳಗೂ ಬಲಪಡಿಸ್ತಾರ. 757ರ ವಿಂಗ್ಲೆಟ್ಟಿಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಒಪ್ಪಿಗೆ ಕೊಟ್ಟಿದ್ದು 2005ರಾಗ. ವಿಮಾನ ಮೊದಲ ಸಲ ಹಾರಿದ್ದು 1982ರ ಫೆಬ್ರವರಿ 19ಕ್ಕ. ನಡುವೆ ಇಪ್ಪತ್ತು ವರ್ಷದ ಮ್ಯಾಲಿನ ಅನುಭವ ಇತ್ತು. ಗುಜರಿಗೆ ಹಾಕೋ ವಿಮಾನಕ್ಕ ಯಾರೂ ಇಷ್ಟು ರೊಕ್ಕ ಸುರಿಯಂಗಿಲ್ಲ.

ಸಿರುಗುಪ್ಪ ದೊಡ್ಡಪ್ಪ: ವಿಂಗ್ಲೆಟ್ ಮಾತು ಬಿಟ್ಟೆ. ವಯಸ್ಸಿನ ಮಾತು ಬಿಡಂಗಿಲ್ಲ. 757 ಕಟ್ಟೋದು 2004ಕ್ಕೇ ನಿಂತೈತಿ. ಅಂದ್ರ ಎಲ್ಲಾ ಇಪ್ಪತ್ತು ವರ್ಷ ದಾಟಿದ್ದು. 1988ರಾಗ ಹವಾಯಿಯ ಅಲೋಹಾ ಕಂಪನಿ ವಿಮಾನದ ಚಾವಣಿ ಆಕಾಶದಾಗೇ ಕಿತ್ಕೊಂಡು ಹೋತು. ಅದಕ್ಕ ಆಗ ಹತ್ತೊಂಬತ್ತೇ ವರ್ಷ.

ಕೌಲ್ ಬಜಾರ್ ಅತ್ತಿ: ಅಯ್ಯೋ ಶಿವನ!

ಮಂಜುನಾಥ: ಅತ್ತಿ, ಪೂರ್ತಿ ಕೇಳ್ರಿ. ಅಲೋಹಾದ್ದು ಬೋಯಿಂಗ್ 737. ದ್ವೀಪದಿಂದ ದ್ವೀಪಕ್ಕ ಸಣ್ಣ ಸಣ್ಣ ಹಾರಾಟ, 89,680 ಸಲ ಏರಿ ಇಳಿದಿತ್ತು. ಒಂದೊಂದು ಸಲ ಏರಿದಾಗಲೂ ಒಳಗಿನ ಗಾಳಿ ಒತ್ತಡಕ್ಕ ಮೈ ಉಬ್ಬತದ, ಇಳಿದಾಗ ಕುಗ್ಗತದ. ಲೋಹ ದಣಿಯೋದು ಆ ಎಣಿಕಿಗೆ. ಜೊತಿಗೆ ಸಮುದ್ರದ ಉಪ್ಪುಗಾಳಿ, ತಗಡು ಕೂಡಿಸಿದ ಜಾಗದಾಗ ತುಕ್ಕು. ಸುಮಾ ಹೋದಂಗ ನ್ಯೂಯಾರ್ಕಿಂದ ಲಾಸ್ ಏಂಜಲೀಸ್‌ಗೆ ಐದಾರು ತಾಸು ಹಾರಿದ್ರೂ ಒಂದೇ ಸೈಕಲ್, ಅಂದ್ರ ಒಂದೇ ಸಲ ಏರಿ ಇಳಿದ ಲೆಕ್ಕ. ವರ್ಷ ಕೇಳಿದ್ರ ಸಾಲದು ದೊಡ್ಡಪ್ಪ, ಎಷ್ಟು ಸಲ ಏರಿ ಇಳಿದದ, ಯಾವಾಗ ಬಿಚ್ಚಿ ನೋಡ್ಯಾರ, ಅದು ಕೇಳಬೇಕು. ಅಲೋಹಾ ಆದಮ್ಯಾಲೆ ಹಳೇ ವಿಮಾನಗಳ ತಪಾಸಣೆ ಎಲ್ಲಾ ಕಡೆ ಬಿಗಿ ಆತು.

ಸಿರುಗುಪ್ಪ ದೊಡ್ಡಪ್ಪ: ತಪಾಸಣೆ ಕಾಗದದ ಮ್ಯಾಲೆ ಆಗೋದು ನಾನು ಬೇಕಾದಷ್ಟು ನೋಡೀನಿ.

ಮಂಜುನಾಥ: ನಾನು ಕೈಯಾರೆ ಮಾಡ್ತೀನಿ ದೊಡ್ಡಪ್ಪ. ನಮ್ಮ ಪ್ಲಾಂಟಿನಾಗ ಕ್ರೇನ್ ಹುಕ್ಕಿಗೆ ಡಿಪಿ ಟೆಸ್ಟ್ ಇರ್ತದ, ಅಂದ್ರ ಬಣ್ಣ ಇಳಿಸಿ ಬಿರುಕು ಹುಡುಕೋ ಡೈ ಪೆನೆಟ್ರಂಟ್ ಪರೀಕ್ಷೆ. ಗ್ರೀಸ್ ಒಂಚೂರೂ ಇಲ್ಲದಂಗ ಒರೆಸಿ ಕೆಂಪು ಬಣ್ಣ ಸ್ಪ್ರೇ ಮಾಡಿ ಬಿಡ್ತೀವಿ. ಆಮ್ಯಾಲೆ ಒರೆಸಿ ಬಿಳಿ ಡೆವಲಪರ್ ಹೊಡೀತೀವಿ. ಕ್ರ್ಯಾಕ್ ಇದ್ರ ಬಿಳಿ ಮ್ಯಾಲೆ ಕೂದಲೆಳಿಯಷ್ಟು ಕೆಂಪು ಗೆರಿ ತಾನಾಗೇ ಒಸರ್ತದ. ಬರೇ ಕಣ್ಣಿಗೆ ಅಲ್ಲಿ ಏನೂ ಕಂಡಿರಂಗಿಲ್ಲ. ಗೆರಿ ಬಂತಂದ್ರ ಹುಕ್ ಹೊಸದಿರಲಿ ಹಳೇದಿರಲಿ, ಕೆಳಗಿಳಿಸಿ ಬದಿಗಿಡ್ತೀವಿ. ವಿಮಾನಕ್ಕೂ ಈ ಟೆಸ್ಟ್ ಮಾಡ್ತಾರ, ಇದಕ್ಕಿಂತ ಸೂಕ್ಷ್ಮದ್ದೂ ಮಾಡ್ತಾರ. ಇಂಥಾ ಕೆಲಸ ಮಾಡೋರಿಗೆ ಆ ಫಾರ್ವರ್ಡ್ ಅವಮಾನ. ದಯವಿಟ್ಟು ಬೇರೆ ಗುಂಪಿಗೆ ಹಾಕಬ್ಯಾಡ್ರಿ.

ಸುಮಾ: ಮಾವ, ನಾನು ಟಿಕೆಟ್ ಬದಲು ಮಾಡಂಗಿಲ್ಲ. ಅವ್ವ, ನೀ ಊಟ ಮಾಡಿ ಮಲಗು.

ಸಿರುಗುಪ್ಪ ದೊಡ್ಡಪ್ಪ: ಮಂಜು, ಆ ಏರಿ ಇಳಿದ ಲೆಕ್ಕ ಪ್ರಯಾಣಿಕರಿಗೆ ಸಿಗ್ತದೇನು?

ಮಂಜುನಾಥ: ಸುಲಭಕ್ಕ ಸಿಗಂಗಿಲ್ಲ. ವಿಮಾನದ ಹಿಂಭಾಗಕ್ಕ ನೋಂದಣಿ ನಂಬರ್ ಬರೆದಿರ್ತಾರ, ಅಮೆರಿಕದ್ದಾದ್ರ ಎನ್ ಅಕ್ಷರದಿಂದ ಶುರು. ಅದರಿಂದ ಯಾವ ವರ್ಷದ್ದು, ಯಾರ ಕೈಯಾಗಿತ್ತು ಅಂತ ಹುಡುಕಬಹುದು.

ಸಿರುಗುಪ್ಪ ದೊಡ್ಡಪ್ಪ: ಸುಮಾ, ಶುಕ್ರವಾರ ಹತ್ತೋ ಮೊದಲು ಆ ನಂಬರ್ ಫೋಟೊ ತೆಗೆದು ಹಾಕವ್ವ. ನಾನೇ ಕೂತು ನೋಡ್ತೀನಿ.