ಮೂಡಲ್‌ನ ಪಾಠಗಳನ್ನು ವಾಟ್ಸಾಪ್‌ಗೆ ಸಾಗಿಸುವುದು ಸರಿಯೇ?

ಇತಿಹಾಸ ಉಪನ್ಯಾಸಕಿ:
ನಮ್ಮ ಪದವಿ ಕಾಲೇಜಿನ ಪಾಠಗಳೆಲ್ಲ ಮೂಡಲ್ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿವೆ. ಆದರೆ ಹೆಚ್ಚಿನ ವಿದ್ಯಾರ್ಥಿಗಳ ಬಳಿ ಇರುವುದು ಮೊಬೈಲ್ ಮಾತ್ರ. ಎ4 ಅಳತೆಯ ಪಿಡಿಎಫ್ ಟಿಪ್ಪಣಿಗಳನ್ನು ಅವರು ಪ್ರತಿ ಸಾಲಿಗೂ ಅತ್ತಿತ್ತ ಸರಿಸಿ ಓದಬೇಕು; ಊರಿಗೆ ಹೋದರೆ ನೆಟ್‌ವರ್ಕ್ ಸಿಗದೆ ವಿಡಿಯೊ ಅರ್ಧಕ್ಕೆ ನಿಲ್ಲುತ್ತದೆ. ಎಲ್ಲವನ್ನೂ ವಾಟ್ಸಾಪ್ ಗುಂಪಿಗೆ ಹಾಕಿಬಿಡೋಣವೆಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ತಾಣದ ನಿರ್ವಾಹಕ:
ಮೇಡಂ, ಪಾಠವನ್ನು ಅಲ್ಲಿಂದ ಕದಲಿಸಬೇಡಿ. ತಾಣದಲ್ಲಿ ಮೊಬೈಲ್ ಸೇವೆಯನ್ನು ಸಕ್ರಿಯಗೊಳಿಸಿದರೆ, ವಿದ್ಯಾರ್ಥಿಗಳು ಕಾಲೇಜಿನ ವೈಫೈನಲ್ಲಿ ಮೂಡಲ್ ಆ್ಯಪ್‌ಗೆ ಪಾಠಗಳನ್ನು ಇಳಿಸಿಕೊಂಡು ಮನೆಯಲ್ಲಿ ನೆಟ್ ಇಲ್ಲದೆಯೂ ಓದಬಹುದು. ಯೂಟ್ಯೂಬ್ ಕೊಂಡಿ ಕೊಟ್ಟ ವಿಡಿಯೊ ಮಾತ್ರ ಹೀಗೆ ಇಳಿಯುವುದಿಲ್ಲ; ಅದನ್ನು ಕಡತವಾಗಿಯೇ ಸೇರಿಸಬೇಕು. ಕ್ವಿಜ್‌ಗೆ ಆಫ್‌ಲೈನ್ ಅನುಮತಿಯನ್ನು ಪ್ರತ್ಯೇಕವಾಗಿ ಕೊಡಬೇಕು, ಅದಕ್ಕೆ ಸಮಯದ ಮಿತಿ ಇರಕೂಡದು.

ಕನ್ನಡ ಅಧ್ಯಾಪಕ:
ಆ್ಯಪ್ ಇದ್ದರೂ ಪಿಡಿಎಫ್‌ನ ತೊಂದರೆ ತಪ್ಪದು. ಟಿಪ್ಪಣಿಯ ಪಠ್ಯವನ್ನು ಮೂಡಲ್‌ನ 'ಪುಟ' ಅಥವಾ 'ಪುಸ್ತಕ'ದೊಳಗೆ ಹಾಕಿದರೆ ಸಾಲುಗಳು ಪರದೆಯ ಅಗಲಕ್ಕೆ ತಾವೇ ಹೊಂದಿಕೊಳ್ಳುತ್ತವೆ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಮೊದಲು, ಮೊಬೈಲ್‌ಗಳಲ್ಲಿ ಸರಿಯಾಗಿ ಕಾಣುವ ಯೂನಿಕೋಡ್ ಅಕ್ಷರಗಳಿಗೆ ಪರಿವರ್ತಿಸಲೇಬೇಕು. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಸಾಲುಸಾಲಾಗಿ ಪರಿಶೀಲಿಸಿ. ಬೇಸರದ ಕೆಲಸವೇ ಹೌದು, ಆದರೆ ಮಾಡಿದ ಮೇಲೆ ಮಕ್ಕಳು ನಿಜವಾಗಿಯೂ ಓದುತ್ತಾರೆ.

ಇನ್ನು ಉಪನ್ಯಾಸವೆಲ್ಲವೂ ವಿಡಿಯೊ ಆಗಬೇಕೆಂದಿಲ್ಲ. ಹತ್ತು ನಿಮಿಷದ ಮಾತನ್ನು ಸೆಕೆಂಡಿಗೆ 24 ಕಿಲೊಬಿಟ್‌ನ ಧ್ವನಿಯಾಗಿ ಉಳಿಸಿದರೆ 2 ಎಂಬಿಗಿಂತ ಕಡಿಮೆಯಾಗುತ್ತದೆ. 500 ಕಿಲೊಬಿಟ್‌ನ ವಿಡಿಯೊ ಆದರೆ 37 ಎಂಬಿ ದಾಟುತ್ತದೆ. ಭೂಪಟವನ್ನೋ ಶಾಸನದ ಚಿತ್ರವನ್ನೋ ತೋರಿಸುವಾಗ ಮಾತ್ರ ವಿಡಿಯೊ ಸಾಕು.

ವಾಣಿಜ್ಯ ಉಪನ್ಯಾಸಕಿ:
ವಾಟ್ಸಾಪ್ ಗುಂಪಿನ ಬಗ್ಗೆ ನನ್ನ ಮುಖ್ಯ ಆತಂಕ ಬೇರೆ. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿನಿಯ ಫೋನ್ ಸಂಖ್ಯೆಯೂ ಗುಂಪಿನವರಿಗೆಲ್ಲ ಕಾಣುತ್ತದೆ, ಇದನ್ನು ನಾವು ಹಗುರವಾಗಿ ಪರಿಗಣಿಸಬಾರದು. ಭಾರತದಲ್ಲಿ 2023ರಲ್ಲಿ ಬಂದ ವಾಟ್ಸಾಪ್ ಚಾನೆಲ್‌ನಲ್ಲಾಗಲಿ ಟೆಲಿಗ್ರಾಂ ಚಾನೆಲ್‌ನಲ್ಲಾಗಲಿ ಹಿಂಬಾಲಕರ ಸಂಖ್ಯೆ ಪರಸ್ಪರ ಕಾಣುವುದಿಲ್ಲ. ಅಲ್ಲಿ ಸೂಚನೆಯನ್ನೂ, ಮುಖಪುಟದ ಬದಲು ಆ ದಿನದ ಪಾಠಕ್ಕೇ ನೇರವಾಗಿ ಒಯ್ಯುವ ಕೊಂಡಿಯನ್ನೂ ಹಾಕಿ. ಪ್ರಶ್ನೋತ್ತರ ಮೂಡಲ್‌ನ ಚರ್ಚಾ ವೇದಿಕೆಯಲ್ಲೇ ನಡೆಯಲಿ. ವಾಟ್ಸಾಪ್‌ನಲ್ಲಿ ಕೊಟ್ಟ ಒಳ್ಳೆಯ ಉತ್ತರ ಎರಡು ದಿನದಲ್ಲಿ ಶುಭಾಶಯಗಳ ಅಡಿಯಲ್ಲಿ ಹೂತುಹೋಗುತ್ತದೆ.

ಇತಿಹಾಸ ಉಪನ್ಯಾಸಕಿ:
ಎಲ್ಲರಿಗೂ ಧನ್ಯವಾದಗಳು. ಮೊದಲ ಘಟಕದ ಟಿಪ್ಪಣಿಗಳನ್ನು ಯೂನಿಕೋಡ್‌ಗೆ ತರುವುದರಿಂದ ಆರಂಭಿಸುತ್ತೇವೆ. ಮೊಬೈಲ್ ಸೇವೆಯನ್ನು ಸಕ್ರಿಯಗೊಳಿಸುವಂತೆ ನಮ್ಮ ನಿರ್ವಾಹಕರನ್ನು ಈ ವಾರವೇ ಕೇಳುತ್ತೇನೆ.