ಪದಚರ್ಚೆ: ಟೆಲಿಸ್ಕೋಪಿನ ‘ಫೈಂಡರ್’ಗೆ ಕನ್ನಡದಲ್ಲಿ ಏನು? (ನಾಳೆ ಸಂಜೆಯೊಳಗೆ ಬೇಕು)

ಎಸ್. ಆರ್.

ಹೈಸ್ಕೂಲುಗಳಿಗೆ ಹೋಗುವ ಅಗ್ಗದ ಟೆಲಿಸ್ಕೋಪಿನ (114 ಮಿ.ಮೀ. ಕನ್ನಡಿ, 900 ಮಿ.ಮೀ. ಸಂಗಮದೂರ) ಜೋಡಣೆ ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಫೈಂಡರ್’ (ನೋಡಬೇಕಾದ್ದನ್ನು ಮೊದಲು ಗುರಿ ಹಿಡಿಯಲು ಟೆಲಿಸ್ಕೋಪಿನ ಮೇಲೆ ಕೂರಿಸುವ ಸಣ್ಣ ಸಾಧನ) ಹದಿನಾಲ್ಕು ಕಡೆ ಬರುತ್ತದೆ. ಕರಡು ಹೀಗಿದೆ:

“ಶೋಧಕದ ಶೂ ಕೊಳವೆಯ ತೆರೆದ ಬಾಯಿಯ ಕಡೆ, ಫೋಕಸರ್ ಪಕ್ಕದಲ್ಲಿದೆ. ಬ್ರಾಕೆಟ್ಟನ್ನು ಅದರೊಳಗೆ ಜಾರಿಸಿ ತಿರುಪು ಬಿಗಿಮಾಡಿ. ಸೂರ್ಯನನ್ನು ನೋಡುವ ಮೊದಲು ಶೋಧಕವನ್ನು ತೆಗೆದಿಡಿ.”

‘ಶೋಧಕ’ ನಡೆಯುತ್ತದೆಯೇ? ‘ಶೂ’ (ಬ್ರಾಕೆಟ್ ಕೂರುವ ಜಾಗ), ‘ಕ್ರಾಸ್‌ಹೇರ್’ (ನಡುವನ್ನು ತೋರಿಸಲು ಫೈಂಡರಿನೊಳಗೆ ಕಾಣುವ ಅಡ್ಡ-ಉದ್ದ ಗೆರೆಗಳು) ಇವಕ್ಕೂ ಏನಾದರೂ ಹೊಳೆದರೆ ಹೇಳಿ.

ವಿ. ಜಿ.

ಶೋಧಕ ಸರಿಯಾಗಿದೆ. ಇದರಲ್ಲಿ ಚರ್ಚಿಸುವುದೇನಿದೆ? ‘ಶೂ’ಗೆ ಪಾದುಕೆ. ‘ಕ್ರಾಸ್‌ಹೇರ್’ಗೆ ಅಡ್ಡಗೂದಲು ಎಂದು ಮಾತ್ರ ಹಾಕಬೇಡಿ.

ಕೆ. ಎನ್.

ಚರ್ಚಿಸುವುದು ಇದೆ ಸ್ವಾಮಿ. ಕರಡಿನ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ವಿಜ್ಞಾನದ ಪಾಠದಲ್ಲಿ ಮಕ್ಕಳಿಗೆ ಶೋಧಿಸುವುದು ಎಂದರೆ ಸೋಸುವುದು. ಶೋಧಕ ಎಂದರೆ ಫಿಲ್ಟರ್. ಟೆಲಿಸ್ಕೋಪಿನ ಬಾಯಿಗೆ ಹಾಕುವ ಸೌರ ಫಿಲ್ಟರನ್ನೂ ‘ಸೌರ ಶೋಧಕ’ ಎಂದು ಬರೆಯುವವರಿದ್ದಾರೆ. “ಸೂರ್ಯನನ್ನು ನೋಡುವ ಮೊದಲು ಶೋಧಕವನ್ನು ತೆಗೆದಿಡಿ” ಎಂದು ಓದಿದ ಹುಡುಗ ಫಿಲ್ಟರನ್ನೇ ತೆಗೆದಿಟ್ಟು ಕಣ್ಣಿಟ್ಟರೆ? ಪದ ಸುಂದರವಾಗಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು, ಇಲ್ಲಿ ಕಣ್ಣೇ ಹೋಗುತ್ತದೆ. ಈ ಹಾಳೆಯಲ್ಲಿ ಶೋಧಕ ಎಲ್ಲಿಯೂ ಬೇಡ, ಯಾವ ಅರ್ಥದಲ್ಲಿಯೂ ಬೇಡ.

ಅಗ್ಗದ ಪೆಟ್ಟಿಗೆಗಳಲ್ಲಿ ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರಕ್ಕೆ) ತಿರುಗಿಸಿ ಹಾಕುವ ಕಪ್ಪು ಸೂರ್ಯ ಫಿಲ್ಟರ್ ಒಂದು ಬರುವುದುಂಟು. ಬೆಳಕೆಲ್ಲ ಒಟ್ಟುಗೂಡುವ ಜಾಗದಲ್ಲಿ ಅದು ಕೂರುವುದರಿಂದ ಕಾದು ಸೀಳಬಹುದು. ಇದ್ದರೆ ಎಸೆಯಿರಿ ಎಂದು ಬೇರೆಯೇ ಸಾಲು ಹಾಕಿ.

ಎಂ. ಬಿ.

ಶೋಧಕ ತೊಲಗಿದ್ದು ಒಳ್ಳೆಯದಾಯಿತು. ಅಷ್ಟಕ್ಕೂ ಆ ಮಹಾಪ್ರಾಣವನ್ನು ಯಾವ ಹುಡುಗ ಉಚ್ಚರಿಸುತ್ತಾನೆ? ನಮ್ಮಲ್ಲಿ ಊದುಗೊಳವೆ ಇದೆ, ಅದೇ ಅಚ್ಚಿನಲ್ಲಿ ಹುಡುಕುಗೊಳವೆ. ‘ಹುಡುಕುಗ’ ಬೇಡ, ಓದುಗ, ಕೇಳುಗ, ನೋಡುಗ ಎಲ್ಲ ಮನುಷ್ಯರು, ಉಪಕರಣಕ್ಕೆ ಆ ‘ಗ’ ಒಗ್ಗುವುದಿಲ್ಲ.

ಕೆ. ಎನ್.

ಅದು ಹುಡುಕುವುದಿಲ್ಲ. ಹುಡುಕುವವರು ನಾವು, ಅದು ತೋರಿಸುತ್ತದೆ. 25 ಮಿ.ಮೀ. ಐಪೀಸ್ ಹಾಕಿದರೆ ಈ ಟೆಲಿಸ್ಕೋಪು 36 ಪಟ್ಟು ಹಿಗ್ಗಿಸುತ್ತದೆ, ಕಾಣುವ ಆಕಾಶ ಸುಮಾರು 1.4 ಡಿಗ್ರಿ. 6×30 ಫೈಂಡರಿನಲ್ಲಿ (6 ಪಟ್ಟು ಹಿಗ್ಗಿಸುವ, 30 ಮಿ.ಮೀ. ಮಸೂರದ್ದು) 7 ಡಿಗ್ರಿಯ ಆಸುಪಾಸು ಕಾಣುತ್ತದೆ. ಅಗಲದಲ್ಲಿ ಹಿಡಿದು ಇಕ್ಕಟ್ಟಿಗೆ ತಂದುಕೊಡುವುದಷ್ಟೇ ಅದರ ಕೆಲಸ.

ಮತ್ತೆ, ಎಲ್ಲವೂ ಕೊಳವೆಯಲ್ಲ. ರೆಡ್ ಡಾಟ್ ಎಂಬುದರಲ್ಲಿ ಹಿಗ್ಗಿಸುವ ಮಸೂರವೇ ಇಲ್ಲ. ಸಣ್ಣ ಗಾಜಿನ ಮೇಲೆ ಎಲ್‌ಇಡಿಯ ಕೆಂಪು ಚುಕ್ಕಿ ಬೀಳುತ್ತದೆ, ನಕ್ಷತ್ರ ಬರಿಗಣ್ಣಿಗೆ ಕಂಡಷ್ಟೇ ಕಾಣುತ್ತದೆ. ಎಸ್. ಆರ್., ನಿಮ್ಮ ಪೆಟ್ಟಿಗೆಯಲ್ಲಿರುವುದು ಯಾವುದು?

ಎಸ್. ಆರ್.

ಎರಡು ಬಗೆಯ ಪೆಟ್ಟಿಗೆಗಳಿವೆ. ಒಂದರಲ್ಲಿ 5×24, ಇನ್ನೊಂದರಲ್ಲಿ ಕೆಂಪು ಚುಕ್ಕಿಯದು.

ಎಂ. ಬಿ.

ತೋರಿಸುವುದಾದರೆ ಪದ ನಮ್ಮ ಕೈಯಲ್ಲೇ ಇದೆ: ತೋರುಬೆರಳು. ಮಸೂರದ್ದಕ್ಕೆ ತೋರುಗೊಳವೆ, ಇನ್ನೊಂದಕ್ಕೆ ತೋರುಚುಕ್ಕಿ. ಒಂದೇ ಸಂಸ್ಕೃತ ಪದ ಸಾಲ ತಂದು ಎರಡಕ್ಕೂ ಹಚ್ಚುವುದಕ್ಕಿಂತ ಇದು ಮೇಲು.

ವಿ. ಜಿ.

‘ಸಾಲ’ ಎಂದಿರಲ್ಲ, ಹಾಗಾದರೆ ಟೆಲಿಸ್ಕೋಪ್, ಬ್ರಾಕೆಟ್, ಫೋಕಸರ್ ಇವೆಲ್ಲ ನಿಮ್ಮ ಹಿತ್ತಿಲಲ್ಲಿ ಬೆಳೆದವೇ? ಇಂಗ್ಲಿಷ್ ಬಂದರೆ ನೆಂಟ, ಸಂಸ್ಕೃತ ಬಂದರೆ ಕಳ್ಳ. ದೂರದರ್ಶಕ ಎಂದು ಬರೆಯಲು ಏನು ಅಡ್ಡಿ?

ಹೆಚ್. ಎ.

ದೂರದರ್ಶಕ ಎಂದರೆ ಅರ್ಧ ಜನ ಟೀವಿ ಎಂದುಕೊಳ್ಳುತ್ತಾರೆ. ನಮ್ಮ ಹಳಬರು ದುರ್ಬೀನು ಎನ್ನುತ್ತಿದ್ದರು. ಪಾರಸಿಯ ‘ದೂರ್’, ಸಂಸ್ಕೃತದ ‘ದೂರ’ ಒಂದೇ ಬೇರಿನವು. ‘ಬೀನ್’ ಎಂದರೆ ನೋಡುವುದು. ದೂರದರ್ಶಕಕ್ಕೂ ದುರ್ಬೀನಿಗೂ ಅಕ್ಷರಶಃ ಒಂದೇ ಅರ್ಥ. ಇಬ್ಬರೂ ಸಮಾಧಾನವಾಗಿ ದುರ್ಬೀನು ಎನ್ನಿ.

ಎಂ. ಬಿ.

ಕೇಳಿದ್ದು ಅದಲ್ಲ.

ಕೆ. ಎನ್.

ದುರ್ಬೀನಿನ ಜಗಳಕ್ಕೆ ಬೇರೆ ಎಳೆ ತೆಗೆಯಿರಿ, ಅಚ್ಚಿಗೆ ಹೊತ್ತಾಯಿತು. ತೋರುಗೊಳವೆ, ತೋರುಚುಕ್ಕಿ ಎರಡೂ ನನಗೆ ಒಪ್ಪಿಗೆ. ಮೊದಲ ಸಲ ಬಂದಾಗ “ತೋರುಗೊಳವೆ ಎಂದರೆ ಫೈಂಡರ್” ಎಂದು ಬರೆಯಿರಿ, ಅಂಗಡಿಯವನಿಗೆ ಗೊತ್ತಿರುವುದು ಅದೇ. ‘ಪಾದುಕೆ’ ಎಂದರೆ ಮಕ್ಕಳು ಭರತನನ್ನು ನೆನೆಯುತ್ತಾರೆ, ‘ಬುಡ’ ಸಾಕು. ‘ಕ್ರಾಸ್‌ಹೇರ್’ಗೆ ಕೂಡುಗುರುತು ಎನ್ನಿ, ಲೆಕ್ಕದಲ್ಲಿ ದಿನಾ ನೋಡುವ ಗುರುತೇ.

ಪದಕ್ಕಿಂತ ಹೆಚ್ಚು ಕೆಟ್ಟಿರುವುದು ಹಾಳೆಯ ಕ್ರಮ. ತೋರುಗೊಳವೆಯ ಬ್ರಾಕೆಟ್ಟಿನ ಮುಂದಿನ ಬಳೆಯಲ್ಲಿ ರಬ್ಬರ್ ಉಂಗುರ ಕೂರುವ ಮಾದರಿಯಾದರೆ, ಉಂಗುರವನ್ನು ಮೊದಲು ಕೊಳವೆಯ ಸುತ್ತಲಿನ ತೋಡಿನಲ್ಲಿ ಕೂರಿಸಿ ಆಮೇಲೆ ಕೊಳವೆಯನ್ನು ಬಳೆಯೊಳಗೆ ತೂರಿಸಬೇಕು. ಉಂಗುರ ಮರೆತರೆ ಹಿಂದಿನ ತಿರುಪುಗಳನ್ನು ಎಷ್ಟು ತಿರುಗಿಸಿದರೂ ಮುಂಭಾಗ ಅಲ್ಲಾಡುತ್ತಲೇ ಇರುತ್ತದೆ. ಒಂದು ತಿರುಪು ಸಡಿಲಿಸಿಯೇ ಇನ್ನೊಂದನ್ನು ಬಿಗಿಮಾಡಬೇಕು, ತಿರುಪು ಕೂರುವ ಪ್ಲಾಸ್ಟಿಕ್ಕಿನ ಸುತ್ತುಗೆರೆ ಬೇಗ ಸವೆಯುತ್ತದೆ. ತೋರುಚುಕ್ಕಿಯನ್ನು ಹಿಂದುಮುಂದಾಗಿ ಹಾಕುವವರೇ ಹೆಚ್ಚು: ಗಾಜು ಆಕಾಶದ ಕಡೆ ಇರಬೇಕು. ಬ್ಯಾಟರಿಯ ಕೆಳಗಿನ ಪಾರದರ್ಶಕ ಪಟ್ಟಿ ಎಳೆದು ತೆಗೆಯದಿದ್ದರೆ ಚುಕ್ಕಿಯೇ ಹೊತ್ತುವುದಿಲ್ಲ, ಆರಿಸಲು ಮರೆತರೆ ಮುಂದಿನ ಸಲ ಬ್ಯಾಟರಿ ಸತ್ತಿರುತ್ತದೆ.

ಹೊಂದಿಸುವುದನ್ನು ಹಗಲಲ್ಲಿ ಮಾಡಿಸಿ. ನಿಮ್ಮ ಕರಡಿನಲ್ಲಿ “ಎದುರಿನ ವಿದ್ಯುತ್ ಕಂಬ” ಎಂದಿದೆಯಂತೆ. ಎರಡು ಕೊಳವೆಗಳ ನಡುವೆ 15 ಸೆಂ.ಮೀ. ಅಂತರವಿದ್ದರೆ 20 ಮೀಟರಿನ ಕಂಬಕ್ಕೆ ಹೊಂದಿಸಿದ್ದು ನಕ್ಷತ್ರದ ಹೊತ್ತಿಗೆ 0.4 ಡಿಗ್ರಿಗೂ ಹೆಚ್ಚು ತಪ್ಪುತ್ತದೆ, 500 ಮೀಟರ್ ದೂರದ ಟವರಾದರೆ ತಪ್ಪು ಲೆಕ್ಕಕ್ಕಿಲ್ಲ. ಸೂರ್ಯನ ದಿಕ್ಕಿಗೆ ಬೆನ್ನು ಹಾಕಿ, 25ರ ಐಪೀಸಿನಲ್ಲಿ ಟವರಿನ ತುದಿಯನ್ನು ನಡುವಿಗೆ ತಂದು ಟೆಲಿಸ್ಕೋಪು ಬಿಗಿಮಾಡಿ, ಆಮೇಲೆ ತೋರುಗೊಳವೆಯ ತಿರುಪು ಮಾತ್ರ ಮುಟ್ಟಬೇಕು. ರಾತ್ರಿ ಧ್ರುವ ನಕ್ಷತ್ರ ಹಿಡಿಯಿರಿ ಎಂಬ ಮೂಲದ ಸಾಲು ಇಲ್ಲಿಗೆ ಹೊಂದದು. ಬೆಂಗಳೂರಿನಲ್ಲಿ ಅದು ಬರೀ 13 ಡಿಗ್ರಿ ಎತ್ತರ, ಮನೆ-ಮರಗಳ ಹಿಂದೆ.

5×24 ಬಗ್ಗೆ ಒಂದು ಮಾತು. ಇಂಥ ಕೆಲವದರಲ್ಲಿ ಮುಂದಿನ ಮಸೂರದ ಹಿಂದೆ ಪ್ಲಾಸ್ಟಿಕ್ ಬಿಲ್ಲೆಯಿಟ್ಟು ಬೆಳಕಿನ ದಾರಿಯನ್ನು 10 ಮಿ.ಮೀ. ಆಸುಪಾಸಿಗೆ ಕಿರಿದು ಮಾಡಿರುತ್ತಾರೆ. ಮುಂದಿನಿಂದ ಇಣುಕಿದರೆ ತೂತು ಕಾಣುತ್ತದೆ. ಕಂಡರೆ ಅದರ ಬದಲು ತೋರುಚುಕ್ಕಿಯೇ ವಾಸಿ. ನಗರದ ಬೆಳಕಿನಲ್ಲಿ ಬರಿಗಣ್ಣಿಗೆ ನಕ್ಷತ್ರವೇ ಸಿಗದ ಶಾಲೆಗಳಿಗೆ ಮಾತ್ರ 6×30 ಕೊಡಿಸಿ, ಅದರಲ್ಲಿ ಬಿಂಬ ತಲೆಕೆಳಗು ಎಂಬುದನ್ನು ಹಾಳೆಯಲ್ಲೇ ಹೇಳಿ.

ಎಸ್. ಆರ್.

ತಿದ್ದಿದೆ. ಕೊನೆಯ ಸಾಲು ಈಗ: “ಸೂರ್ಯನ ಕಡೆ ತಿರುಗಿಸುವ ಮೊದಲು ತೋರುಗೊಳವೆಗೆ ಮುಚ್ಚಳ ಹಾಕಿ.”

ವಿ. ಜಿ.

ತೋರುಗೊಳವೆ ನನಗೆ ಒಪ್ಪಿಗೆಯಿಲ್ಲ, ಅದು ಹಾಗಿರಲಿ. ಶಾಲೆಯಲ್ಲಿ ಮುಚ್ಚಳ ಎರಡನೆಯ ವಾರಕ್ಕೆ ಕಳೆದಿರುತ್ತದೆ. “ಕಳಚಿ ಪೆಟ್ಟಿಗೆಯಲ್ಲಿಡಿ” ಎಂದು ಹಾಕಿ.

ಕೆ. ಎನ್.

ಹಾಕಿ. “ಟೆಲಿಸ್ಕೋಪಿನ ಬಾಯಿಯ ಸೌರ ಫಿಲ್ಟರನ್ನು ಮಾತ್ರ ತೆಗೆಯಬೇಡಿ” ಎಂಬುದೂ ಅದೇ ಸಾಲಿನಲ್ಲಿ, ದಪ್ಪಕ್ಷರದಲ್ಲಿ.