ಗ್ರಂಥಾಲಯದ ಗೋಡೆಯ ಚಿತ್ರವನ್ನು ತೀರ್ಮಾನಿಸಬೇಕಾದವರು ಯಾರು?

ಪ್ರಶ್ನೆ (ಆಯೋಗದ ಹೊಸಬ)

ಮಾನ್ಯರೇ,

ಅಮೆರಿಕದ ಮಿಡ್‌ವೆಸ್ಟ್ ಭಾಗದ ಒಂದು ಸಣ್ಣ ಊರಿನಲ್ಲಿ 14 ವರ್ಷಗಳಿಂದ ನೆಲೆಸಿದ್ದೇನೆ. ಕಳೆದ ವರ್ಷ ಇಲ್ಲಿನ ನಗರಾಡಳಿತದ ಕಲಾ ಆಯೋಗದಲ್ಲಿ ಒಂದು ಸ್ಥಾನ ತೆರವಾದಾಗ, ಅರ್ಜಿ ಹಾಕಿದವನು ನಾನೊಬ್ಬನೇ ಆಗಿದ್ದೆನೋ ಏನೋ, ನನ್ನನ್ನೇ ನೇಮಿಸಿದರು. ಸಂಬಳವಿಲ್ಲದ, ತಿಂಗಳಿಗೊಂದು ಸಂಜೆಯ ಕೆಲಸ. ಇಷ್ಟು ದಿನ ಬೇಸಿಗೆಯ ಸಂಗೀತ ಕಾರ್ಯಕ್ರಮಗಳ ಪಟ್ಟಿಗೆ ಒಪ್ಪಿಗೆ ಕೊಡುವುದರಲ್ಲೇ ಕಾಲ ಕಳೆದಿತ್ತು.

ಈಗ ಊರಿನ ಗ್ರಂಥಾಲಯವನ್ನು ವಿಸ್ತರಿಸುತ್ತಿದ್ದಾರೆ. ಸಾರ್ವಜನಿಕ ಕಟ್ಟಡದ ವೆಚ್ಚದಲ್ಲಿ 1% ಹಣವನ್ನು ಕಲೆಗೆ ಮೀಸಲಿಡಬೇಕೆಂಬ ನಿಯಮ ನಮ್ಮಲ್ಲಿದ್ದು, ಆ ಹಣದಿಂದ ಹೊರಗೋಡೆಯ ಮೇಲೆ ಭಿತ್ತಿಚಿತ್ರ ಬರೆಸಬೇಕಾಗಿದೆ. ಆಯ್ಕೆಯಾದ ಕಲಾವಿದೆ ಆರಿಸಿಕೊಂಡಿರುವ ವಸ್ತು, ಇಲ್ಲಿ ಮುಚ್ಚಿಹೋದ ಕಾರ್ಖಾನೆ ಮತ್ತು ಅದಕ್ಕೂ ಮುಂಚೆ ನಡೆದ ದೀರ್ಘ ಮುಷ್ಕರ. ಅಹವಾಲು ಸಭೆಯಲ್ಲಿ ಪ್ರತಿಯೊಬ್ಬರಿಗೂ 3 ನಿಮಿಷ ಕೊಡಲಾಗಿತ್ತು. ಆ ಕಾರ್ಖಾನೆಯಲ್ಲೇ ದುಡಿದಿದ್ದ ಹಿರಿಯರೊಬ್ಬರು, ಆ ಮುಷ್ಕರದಲ್ಲಿ ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದರು, ಅದನ್ನು ದಿನವೂ ನೋಡಿಕೊಂಡು ಪುಸ್ತಕ ತರಲು ಹೋಗಲಾರೆ ಎಂದರು. ಮುಷ್ಕರ ನಡೆದದ್ದೇ ತನ್ನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ, ಆದ್ದರಿಂದಲೇ ಚಿತ್ರ ಬೇಕು ಎಂದು ಶಿಕ್ಷಕಿಯೊಬ್ಬರು ವಾದಿಸಿದರು. ಇನ್ನೊಬ್ಬರು ಮೊದಲು ರಸ್ತೆಯ ಗುಂಡಿ ಮುಚ್ಚಿಸಿ ಎಂದು ಹೇಳಿ ಕುಳಿತರು.

ಅಕಾಡೆಮಿ, ಇಲಾಖೆಗಳೇ ಕಲೆಯನ್ನು ಪೋಷಿಸುವುದನ್ನು ನೋಡಿ ಬೆಳೆದ ನನಗೆ ಇದು ಒಗಟಾಗಿದೆ. ಕಲೆಗೆ ಸರ್ಕಾರ ಕೊಡುವುದು ಇಷ್ಟು ಕಡಿಮೆಯಿರುವ ದೇಶದಲ್ಲಿ, ಒಂದು ಗೋಡೆಯ ಚಿತ್ರಕ್ಕೆ ಇಡೀ ಊರು ಏಕೆ ಸಭೆ ಸೇರುತ್ತದೆ? ಮತ ಹಾಕುವಾಗ ನಾನು ಯಾರ ಮಾತಿಗೆ ಬೆಲೆ ಕೊಡಬೇಕು?

ಉತ್ತರ 1 (ನಿವೃತ್ತ ಗ್ರಂಥಪಾಲಕಿ)

ಮೊದಲು ಹಣದ ವಿಷಯ, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಕಲೆಗೆ ಅನುದಾನ ಕೊಡುವ ಒಕ್ಕೂಟ ಸರ್ಕಾರದ ಸಂಸ್ಥೆ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ ಸ್ಥಾಪನೆಯಾದದ್ದು 1965ರಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಕಾಲದಲ್ಲಿ. 2024ರಲ್ಲಿ ಅದಕ್ಕೆ ದೊರೆತದ್ದು 20.7 ಕೋಟಿ ಡಾಲರ್, ಅಂದರೆ ತಲೆಗೆ ಒಂದು ಡಾಲರೂ ಬೀಳುವುದಿಲ್ಲ. ಅದರ ಅನುದಾನದಲ್ಲಿಯೂ 40% ನೇರವಾಗಿ ರಾಜ್ಯ ಮತ್ತು ಪ್ರಾದೇಶಿಕ ಕಲಾ ಸಂಸ್ಥೆಗಳಿಗೆ ಹೋಗುತ್ತದೆ. ಕಲಾ ಸಂಸ್ಥೆಗಳ ಆದಾಯದ ದೊಡ್ಡ ಪಾಲು ಬರುವುದು ಟಿಕೆಟ್ ಮಾರಾಟದಿಂದ ಮತ್ತು ದಾನದಿಂದ. ದಾನಕ್ಕೆ 1917ರಿಂದಲೂ ಆದಾಯ ತೆರಿಗೆಯಲ್ಲಿ ವಿನಾಯಿತಿ ಇರುವುದರಿಂದ, ಸರ್ಕಾರ ತಾನೇ ಕೊಡುವ ಬದಲು ಕೊಡುವವರಿಗೆ ತೆರಿಗೆ ಬಿಟ್ಟುಕೊಡುತ್ತದೆ ಎನ್ನಬಹುದು. ಯಾವ ಕಲೆಗೆ ಹಣ ಸಲ್ಲಬೇಕೆಂಬ ತೀರ್ಮಾನವೂ ಹೀಗೆ ಬಹುಮಟ್ಟಿಗೆ ದಾನಿಗಳ ಕೈಯಲ್ಲಿ ಉಳಿಯುತ್ತದೆ. ಇದು ನನಗೆ ಪೂರ್ತಿ ಒಪ್ಪಿಗೆಯಾದ ಏರ್ಪಾಡಲ್ಲ, ಆದರೆ ಇರುವುದು ಹೀಗೆ.

ಊರವರೇ ತೆರಿಗೆ ಹಾಕಿಕೊಂಡ ಉದಾಹರಣೆಗಳೂ ಇವೆ. ಡೆನ್ವರ್ ಸುತ್ತಲಿನ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಮತದಾರರು 1988ರಲ್ಲಿ 0.1% ಮಾರಾಟ ತೆರಿಗೆಗೆ ಒಪ್ಪಿದರು: 10 ಡಾಲರ್ ಖರೀದಿಗೆ ಒಂದು ಸೆಂಟ್. ಅಲ್ಲಿನ ವಸ್ತುಸಂಗ್ರಹಾಲಯ, ಮೃಗಾಲಯಗಳ ಜೊತೆಗೆ ಸಣ್ಣ ನಾಟಕ ತಂಡಗಳಿಗೂ ಅದರಿಂದ ನೆರವು ಸಿಗುತ್ತದೆ. ಮಿನ್ನೆಸೋಟದ ಮತದಾರರು 2008ರಲ್ಲಿ ಕಲೆ ಮತ್ತು ಪರಂಪರೆಗೆಂದು ಮಾರಾಟ ತೆರಿಗೆಯ ಒಂದು ಪಾಲನ್ನು ರಾಜ್ಯ ಸಂವಿಧಾನದಲ್ಲೇ ಬರೆಸಿದರು. ಹೀಗೆ ಹಣ ಊರವರ ಜೇಬಿನಿಂದಲೇ ಬಂದಾಗ, ಊರವರು ಸಭೆಗೆ ಬಂದು ಲೆಕ್ಕ ಕೇಳುತ್ತಾರೆ.

ಗುಂಡಿಯ ಮಾತಾಡಿದವರಿಗೆ ಒಂದು ವಿವರಣೆ ಕೊಡಿ. 1% ನಿಯಮ ಹೊಸದಲ್ಲ. ಫಿಲಡೆಲ್ಫಿಯಾ ನಗರ 1959ರಲ್ಲಿ, ಸಿಯಾಟಲ್ 1973ರಲ್ಲಿ ಇದನ್ನು ತಂದವು. ಅದು ಸಾಮಾನ್ಯವಾಗಿ ಕಟ್ಟಡದ ಬಂಡವಾಳದ ಭಾಗವಾಗಿರುತ್ತದೆ. ಚಿತ್ರ ಬೇಡವೆಂದರೆ ಆ ಹಣ ತಾನಾಗಿಯೇ ರಸ್ತೆ ದುರಸ್ತಿಗೆ ಹೋಗುವುದಿಲ್ಲ.

ಉತ್ತರ 2 (ಡೆಟ್ರಾಯಿಟ್ ವಾಸಿ)

ಕಾರ್ಖಾನೆಯ ಚಿತ್ರದ ಜಗಳವೆಂದ ಕೂಡಲೇ ನಮ್ಮೂರು ನೆನಪಾಯಿತು. ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ ಎಂಬ ಕಲಾ ಸಂಗ್ರಹಾಲಯದ ಗೋಡೆಗಳ ಮೇಲೆ ಮೆಕ್ಸಿಕೊದ ಡಿಯಾಗೊ ರಿವೆರಾ 1932–33ರಲ್ಲಿ ಮೋಟಾರು ಕಾರ್ಖಾನೆಯ ಕಾರ್ಮಿಕರನ್ನು ಚಿತ್ರಿಸಿದರು. ಹಣ ಕೊಟ್ಟವರು ಫೋರ್ಡ್ ಮೋಟಾರು ಕಂಪನಿಯ ಅಧ್ಯಕ್ಷ ಎಡ್ಸೆಲ್ ಫೋರ್ಡ್. ಅವರು ಆಗ ನಗರದ ಕಲಾ ಆಯೋಗದ ಅಧ್ಯಕ್ಷರೂ ಆಗಿದ್ದರು, ಅಂದರೆ ನಿಮ್ಮ ಕುರ್ಚಿಯ ಹಿರಿಯರು ಎನ್ನಿ! ಮಗುವಿಗೆ ಲಸಿಕೆ ಹಾಕುವ ಒಂದು ಭಾಗ ಯೇಸುವಿನ ಜನನದ ಚಿತ್ರವನ್ನು ಹೋಲುತ್ತದೆಂದು ಧರ್ಮಗುರುಗಳು ಸಿಡಿದೆದ್ದರು. ಇದು ಕಮ್ಯುನಿಸ್ಟ್ ಪ್ರಚಾರವೆಂದು ಹಲವರು ದೂರಿದರು, ಸುಣ್ಣ ಬಳಿಯಿರಿ ಎಂಬ ಒತ್ತಾಯವೂ ಬಂತು. ಫೋರ್ಡ್ ಮಣಿಯಲಿಲ್ಲ, ಮತ್ತು ಚಿತ್ರ ನೋಡಲು ಜನ ಸಾಲುಗಟ್ಟಿದರು.

ಮುಂದಿನ ಕಥೆ ಇನ್ನೂ ಮುಖ್ಯ. 2012ರಲ್ಲಿ ಸುತ್ತಲಿನ 3 ಕೌಂಟಿಗಳ ಜನ ಈ ಸಂಗ್ರಹಾಲಯಕ್ಕಾಗಿ ಆಸ್ತಿ ತೆರಿಗೆಯೊಂದನ್ನು ಮತ ಹಾಕಿ ಒಪ್ಪಿಕೊಂಡರು. ತೆರಿಗೆಗೆ ಒಳಪಡುವ ಮೌಲ್ಯದ ಪ್ರತಿ 1 ಲಕ್ಷ ಡಾಲರಿಗೆ ವರ್ಷಕ್ಕೆ 20 ಡಾಲರ್. ಅದಕ್ಕೆ ಪ್ರತಿಯಾಗಿ ಅಲ್ಲಿನ ನಿವಾಸಿಗಳಿಗೆ ಪ್ರವೇಶ ಉಚಿತವಾಯಿತು. ಮರುವರ್ಷ ನಗರ ದಿವಾಳಿಯಾಗಿ, ಸಾಲ ಕೊಟ್ಟಿದ್ದವರ ಕಣ್ಣು ನಗರದ ಸ್ವತ್ತಾಗಿದ್ದ ಕಲಾಕೃತಿಗಳ ಮೇಲೆ ಬಿತ್ತು. ಕೊನೆಗೆ ಪ್ರತಿಷ್ಠಾನಗಳು, ರಾಜ್ಯ ಸರ್ಕಾರ ಮತ್ತು ಸಂಗ್ರಹಾಲಯ ಸೇರಿ 80 ಕೋಟಿ ಡಾಲರಿಗೂ ಹೆಚ್ಚು ಹಣ ಹೊಂದಿಸಿ, ಅದನ್ನು ನಗರದ ನಿವೃತ್ತ ನೌಕರರ ಪಿಂಚಣಿಗೆ ಸಲ್ಲುವಂತೆ ಮಾಡಿ, ಸಂಗ್ರಹವನ್ನು ಸ್ವತಂತ್ರ ಲಾಭರಹಿತ ಸಂಸ್ಥೆಗೆ ವಹಿಸಿಕೊಟ್ಟರು. ಪಿಂಚಣಿಯೋ ಚಿತ್ರವೋ ಎಂದು ಎರಡನ್ನೂ ತಕ್ಕಡಿಯಲ್ಲಿಟ್ಟಿದ್ದಾಗ, ಎರಡನ್ನೂ ಒಂದೇ ಒಪ್ಪಂದಕ್ಕೆ ಕಟ್ಟಿದ್ದು ಜಾಣತನ. ನೀವು ಶಿಕ್ಷಕಿಯ ಪರ ಮತ ಹಾಕಬೇಕೆಂದು ನನ್ನ ಅಭಿಪ್ರಾಯ.

ಉತ್ತರ 3 (ತೆರಿಗೆದಾರ)

ರಿವೆರಾ ಉದಾಹರಣೆ ಚೆನ್ನಾಗಿದೆ, ಆದರೆ ಅದು ಸಂಗ್ರಹಾಲಯದ ಒಳಗಿನ ಚಿತ್ರ. ಬೇಡವಾದವರು ಒಳಗೆ ಹೋಗದಿದ್ದರಾಯಿತು. ಹೊರಗೋಡೆಗೆ ಆ ಸ್ವಾತಂತ್ರ್ಯವಿಲ್ಲ. ನ್ಯೂಯಾರ್ಕಿನ ಫೆಡರಲ್ ಪ್ಲಾಜಾ ಎಂಬ ಸರ್ಕಾರಿ ಕಚೇರಿಗಳ ಅಂಗಳದಲ್ಲಿ 1981ರಲ್ಲಿ ಶಿಲ್ಪಿ ರಿಚರ್ಡ್ ಸೆರಾ ಅವರ 120 ಅಡಿ ಉದ್ದದ ಉಕ್ಕಿನ ಗೋಡೆ ‘ಟಿಲ್ಟೆಡ್ ಆರ್ಕ್’ ನಿಂತಾಗ, ದಿನವೂ ಅದನ್ನು ಸುತ್ತಿ ಬಳಸಿ ನಡೆಯಬೇಕಾದ ನೌಕರರನ್ನು ಮೊದಲೇ ಸರಿಯಾಗಿ ಕೇಳಿರಲಿಲ್ಲ. 1985ರ ಅಹವಾಲಿನಲ್ಲಿ ಮಾತಾಡಿದವರು 180 ಜನ; ಅವರಲ್ಲಿ 122 ಜನ ಅದು ಉಳಿಯಲಿ ಎಂದರು. ಹಾಗಿದ್ದೂ 1989ರಲ್ಲಿ ಅದನ್ನು ಕಿತ್ತುಹಾಕಲಾಯಿತು. ಸಭೆಗೆ ಬಂದವರ ತಲೆ ಎಣಿಸುವುದು ಊರಿನ ಮನಸ್ಸನ್ನು ತಿಳಿಯುವ ದಾರಿಯಲ್ಲ. ನಿಮ್ಮ ಹಿರಿಯರ 3 ನಿಮಿಷಕ್ಕೆ ಹೆಚ್ಚು ತೂಕವಿದೆ, ಏಕೆಂದರೆ ಆ ಗೋಡೆಯೊಡನೆ ಬದುಕುವವರು ಅವರು.

ಉತ್ತರ 4 (ವಕೀಲ, ಆದರೆ ಇದು ಕಾನೂನು ಸಲಹೆಯಲ್ಲ)

ಯಾರ ಪರ ಮತ ಹಾಕಬೇಕೆಂದು ನಾನು ಹೇಳುವುದಿಲ್ಲ. ಮತಕ್ಕೆ ಮುಂಚೆ ನೋಡಬೇಕಾದ ಕೆಲವು ಸಂಗತಿಗಳಿವೆ.

ನಗರವೇ ಬರೆಸಿ ತನ್ನದಾಗಿ ಇಟ್ಟುಕೊಳ್ಳುವ ಶಾಶ್ವತ ಕೃತಿಯನ್ನು ನ್ಯಾಯಾಲಯಗಳು ಎಲ್ಲರಿಗೂ ತೆರೆದ ವೇದಿಕೆಯೆಂದಲ್ಲ, ಸರ್ಕಾರದ ಸ್ವಂತ ಮಾತೆಂದು ನೋಡುವ ಸಾಧ್ಯತೆ ಹೆಚ್ಚು. ಉದ್ಯಾನದ ಸ್ಮಾರಕಗಳ ಬಗ್ಗೆ ಸುಪ್ರೀಂ ಕೋರ್ಟ್ 2009ರಲ್ಲಿ ಸಮ್ಮಮ್ ಎಂಬ ಧಾರ್ಮಿಕ ಗುಂಪಿನ ಪ್ರಕರಣದಲ್ಲಿ ಹಾಗೆಯೇ ಹೇಳಿತು. ಆದ್ದರಿಂದ ವಸ್ತುವನ್ನು ಆರಿಸುವ ಅಧಿಕಾರ ನಿಮಗಿದೆ. ಆದರೆ ಗ್ರಂಥಾಲಯದ ಒಳಗೆ ಯಾರು ಕೇಳಿದರೂ ಬಿಟ್ಟುಕೊಡುವ ಪ್ರದರ್ಶನ ಗೋಡೆಯಿದ್ದರೆ ಅದರ ಲೆಕ್ಕ ಬೇರೆ. ಬಾಸ್ಟನ್ ನಗರವು ತನ್ನ ಧ್ವಜಸ್ತಂಭವನ್ನು ಕೇಳಿದವರಿಗೆಲ್ಲ ಕೊಡುತ್ತಾ ಬಂದು ಒಂದು ಕ್ರೈಸ್ತ ಧ್ವಜಕ್ಕೆ ಮಾತ್ರ ನಿರಾಕರಿಸಿದ್ದು ತಪ್ಪೆಂದು 2022ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ನಿಮ್ಮ ಕನ್ನಡ ಕೂಟದ ರಾಜ್ಯೋತ್ಸವದ ಚಿತ್ರಗಳಿಗೆ ಅಲ್ಲಿ ಜಾಗ ಸಿಗುತ್ತಿದ್ದರೆ, ನಿಮಗೆ ಹಿಡಿಸದ ಗುಂಪಿನವರಿಗೂ ಸಿಗಬೇಕಾಗುತ್ತದೆ.

ಇನ್ನು ಕಲಾವಿದೆಯ ಹಕ್ಕು. 1990ರ ದೃಶ್ಯ ಕಲಾವಿದರ ಹಕ್ಕುಗಳ ಕಾನೂನಿನಂತೆ, ಮನ್ನಣೆ ಪಡೆದ ಕೃತಿಯನ್ನು ಮಾಲೀಕರು ಮನಬಂದಂತೆ ನಾಶಮಾಡುವಂತಿಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ‘ಫೈವ್ ಪಾಯಿಂಟ್ಜ್’ ಕಟ್ಟಡದ ಚಿತ್ರಗಳಿಗೆ 2013ರಲ್ಲಿ ರಾತ್ರೋರಾತ್ರಿ ಬಣ್ಣ ಬಳಿಸಿದ ಮಾಲೀಕರು, 21 ಕಲಾವಿದರಿಗೆ 67.5 ಲಕ್ಷ ಡಾಲರ್ ಕೊಡಬೇಕಾಯಿತು. ಗೋಡೆ ಸೋರಿದರೆ, 20 ವರ್ಷಗಳ ನಂತರ ಊರು ಬೇರೆ ಚಿತ್ರ ಬಯಸಿದರೆ ಏನು ಮಾಡಬೇಕೆಂಬುದನ್ನು ಈಗಲೇ ಕಲಾವಿದೆಯ ಸಹಿಯೊಂದಿಗೆ ಬರೆದಿಡಿ.

ಕೊನೆಯದಾಗಿ, ಆಯೋಗದ ಉಳಿದ ಸದಸ್ಯರೊಂದಿಗೆ ಇಮೇಲಿನಲ್ಲಿಯೋ ವಾಟ್ಸಾಪಿನಲ್ಲಿಯೋ ಇದನ್ನು ಚರ್ಚಿಸಬೇಡಿ. ಮುಕ್ತ ಸಭೆಗಳ ಕಾನೂನು ಎಲ್ಲ ರಾಜ್ಯಗಳಲ್ಲಿಯೂ ಇದೆ. ಖಾಸಗಿಯಾಗಿ ಮಾತಾಡಿಕೊಂಡು ಬಂದು ಸಭೆಯಲ್ಲಿ ಕೈ ಎತ್ತುವುದನ್ನು ತಡೆಯುವುದೇ ಅದರ ಉದ್ದೇಶ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ (ಆಯೋಗದ ಹೊಸಬ)

ಎಲ್ಲರಿಗೂ ವಂದನೆಗಳು. ವಕೀಲರ ಕೊನೆಯ ಮಾತು ಓದುವ ಮುಂಚೆಯೇ ನಾನು ಇಬ್ಬರು ಸದಸ್ಯರಿಗೆ ಉದ್ದದ ಇಮೇಲ್ ಕಳಿಸಿಬಿಟ್ಟಿದ್ದೆ. ನಿನ್ನೆ ನಗರದ ಕ್ಲರ್ಕ್ ಅವರಿಗೆ ಅದನ್ನು ತಿಳಿಸಿ, ಪ್ರತಿಯನ್ನು ಸಭೆಯ ಕಡತಕ್ಕೆ ಸೇರಿಸಲು ಕೊಟ್ಟಿದ್ದೇನೆ. ಅವರು ನಕ್ಕು, ಹೊಸಬರೆಲ್ಲ ಒಮ್ಮೆ ಹೀಗೆ ಮಾಡುತ್ತಾರೆ ಎಂದರು.

ಮತವನ್ನು ಒಂದು ತಿಂಗಳು ಮುಂದೂಡಬೇಕೆಂದು ಸೂಚನೆ ಮಂಡಿಸುತ್ತೇನೆ. ಅಷ್ಟರೊಳಗೆ ಕಲಾವಿದೆ 2 ಸಂಜೆ ಕರಡು ಚಿತ್ರಗಳೊಂದಿಗೆ ಗ್ರಂಥಾಲಯದ ಓದುವ ಕೋಣೆಯಲ್ಲಿ ಕುಳಿತಿರಲಿ. ಅಲ್ಲಿ 3 ನಿಮಿಷದ ಗಡಿಯಾರ ಬೇಡ. ಸಭೆಗೆ ಬಾರದವರೂ ಪುಸ್ತಕ ಹಿಂದಿರುಗಿಸಲು ಬಂದೇ ಬರುತ್ತಾರೆ. ಆ ಹಿರಿಯರನ್ನೂ ಕಂಡು ಕೇಳಿಕೊಂಡೆ. ಚಿತ್ರಕ್ಕೆ ಅವರು ಈಗಲೂ ಒಪ್ಪಿಲ್ಲ. ಆದರೆ ಮುಷ್ಕರದ ಕಾಲದ ಫೋಟೋಗಳಿರುವ ಪೆಟ್ಟಿಗೆಯೊಂದು ಮನೆಯಲ್ಲಿದೆ, ಬರೆಯುವುದೇ ಆದರೆ ಮುಖಗಳನ್ನಾದರೂ ಸರಿಯಾಗಿ ಬರೆಯಲಿ, ತಂದು ತೋರಿಸುತ್ತೇನೆ ಎಂದಿದ್ದಾರೆ.